ತಮಾಷೆಗೆ ತಿದ್ದಿದ ಚಿತ್ರದ ಮೂಲ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ರಾಜಕಾರಣಿಗಳ ತಮಾಷೆ ಚಿತ್ರಗಳು ದಿನವೂ ಬರುತ್ತವೆ. ಒಂದಷ್ಟನ್ನು ಹಿರಿಯರು ನಿಜವೆಂದೇ ನಂಬಿ ಬೇರೆ ಗ್ರೂಪಿಗೂ ಕಳಿಸುತ್ತಾರೆ. ತಮಾಷೆಗೆ ಮಾಡಿದ್ದನ್ನೂ ಫ್ಯಾಕ್ಟ್‌ಚೆಕ್ ಮಾಡಬೇಕೆ? ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಅದೇ ನಾಯಕರ ಬೇರೆ ನೂರು ಫೋಟೊ ಬರುತ್ತವೆಯೇ ಹೊರತು ಮೂಲ ಸಿಗುವುದಿಲ್ಲ. ಎಐ ಪತ್ತೆ ಮಾಡುವ ಸೈಟೊಂದು ‘ಶೇ 62’ ಎಂದಿತು. ಅದನ್ನು ನಂಬಬಹುದೆ? ಇಂಥದ್ದನ್ನು ಫಾರ್ವರ್ಡ್ ಮಾಡಿದರೆ ಕೇಸು ಬೀಳುತ್ತದೆಯೆ?

ಉತ್ತರ: ತಮಾಷೆ ತಮಾಷೆಯಾಗಿಯೇ ಓಡಾಡುತ್ತಿರುವಷ್ಟು ಹೊತ್ತು ಅದರ ತಂಟೆಗೆ ಹೋಗಬೇಕಿಲ್ಲ. ರಷ್ಯಾದ ಪುಟಿನ್ ಅಂಗಿಯಿಲ್ಲದೆ ಕರಡಿಯ ಬೆನ್ನೇರಿ ಹೊರಟ ಚಿತ್ರವನ್ನು ನೀವೂ ನೋಡಿರುತ್ತೀರಿ. 2009ರ ಆಗಸ್ಟ್‌ನಲ್ಲಿ ದಕ್ಷಿಣ ಸೈಬೀರಿಯದ ತೂವಾದಲ್ಲಿ ಅವರು ಕುದುರೆ ಸವಾರಿ ಮಾಡಿದ ಫೋಟೊ ಅದರ ಮೂಲ. ಕುದುರೆಯ ಜಾಗಕ್ಕೆ ಕರಡಿ ಬಂತು, ಅಷ್ಟೆ. ಅದನ್ನು ‘ಸುಳ್ಳು’ ಎಂದು ಸಾಬೀತು ಮಾಡಲು ಕುಳಿತರೆ ನಗೆಪಾಟಲಾಗುವುದು ನಾವೇ.

ಇನ್ನೊಂದು ಬಗೆಯದು ಹೀಗಿರುತ್ತದೆ. 2020ರ ಜನವರಿಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಸಂಸದ ಪಾಲ್ ಗೋಸರ್, ಒಬಾಮಾ ಇರಾನಿನ ಅಧ್ಯಕ್ಷ ರೂಹಾನಿಯ ಕೈಕುಲುಕುವ ಚಿತ್ರ ಟ್ವೀಟ್ ಮಾಡಿದರು. ಇವರಿಬ್ಬರೂ ಅಧಿಕಾರದಲ್ಲಿ ಇಲ್ಲದ ಜಗತ್ತೇ ಮೇಲು ಎಂಬ ಅರ್ಥದ ಸಾಲು ಜತೆಗಿತ್ತು. ರೂಹಾನಿ ಆಗಿನ್ನೂ ಅಧಿಕಾರದಲ್ಲೇ ಇದ್ದರು! 2013ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಫೋನಿನಲ್ಲಿ ಮಾತಾಡಿದ್ದುಂಟು, ಮುಖಾಮುಖಿ ಭೇಟಿಯಾಗಿದ್ದಿಲ್ಲ. ಹಾಗಾದರೆ ಒಬಾಮಾ ಕುಲುಕಿದ್ದು ಯಾರ ಕೈ? ನಮ್ಮ ಮನಮೋಹನ್ ಸಿಂಗ್ ಅವರದು. 2011ರ ನವೆಂಬರ್‌ನಲ್ಲಿ ಇಂಡೊನೇಷ್ಯಾದ ಬಾಲಿಯಲ್ಲಿ ತೆಗೆದ ಫೋಟೊ ಅದು. ರುಮಾಲಿನ ತಲೆಯಿದ್ದ ಕಡೆ ರುಮಾಲಿನದೇ ಇನ್ನೊಂದು ತಲೆ ತಂದು ಕೂರಿಸಿದ್ದರಿಂದ ಮೇಲ್ನೋಟಕ್ಕೆ ಅನುಮಾನವೂ ಬರುತ್ತಿರಲಿಲ್ಲ. ಪತ್ರಕರ್ತರು ಹಿಡಿದಾಗ, ಇದು ಫೋಟೊಶಾಪ್ ಮಾಡಿದ್ದಲ್ಲ ಎಂದು ಯಾರು ಹೇಳಿದ್ದರು ಎಂಬ ಧಾಟಿಯ ಉತ್ತರ ಬಂತು. ಸಿಕ್ಕಿಬಿದ್ದ ಮೇಲೆ ‘ತಮಾಷೆಗೆ ಹಾಕಿದ್ದೆ’ ಎನ್ನುವುದು ಎಲ್ಲ ದೇಶದಲ್ಲೂ ಇರುವ ರೂಢಿ.

ಆದ್ದರಿಂದ ಚಿತ್ರ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಜತೆಗಿರುವ ಬರಹವನ್ನು. ಕಳಿಸಿದವರು ಇದನ್ನು ನಡೆದ ಘಟನೆ ಎಂದು ಹೇಳುತ್ತಿದ್ದಾರೆಯೆ? ‘ನೋಡಿ ಇವರ ಯೋಗ್ಯತೆ’ ಎಂಬಂಥ ಸಾಲು ಅಂಟಿಕೊಂಡಿದೆಯೆ? ಹಾಗಿದ್ದರೆ ಪರಿಶೀಲನೆಗೆ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಚಾಟ್ ದಾಟಿ ಬಂದದ್ದು. ಮೊದಲು ಹಾಕಿದವರು ‘ವಿಡಂಬನೆ’ ಎಂದು ಬರೆದಿದ್ದರೂ ಅಷ್ಟು ಕೈ ಬದಲಾಗುವ ಹೊತ್ತಿಗೆ ಆ ಬರಹ ಉಳಿದಿರುವುದಿಲ್ಲ.

ಇನ್ನು ಲೆನ್ಸ್ ವಿಷಯ. ನಿಮಗೆ ನೂರು ಫೋಟೊ ಬಂದದ್ದಕ್ಕೆ ಕಾರಣ ಮುಖ. ಇಡೀ ಚಿತ್ರ ಕೊಟ್ಟರೆ ಲೆನ್ಸ್ ಪ್ರಸಿದ್ಧ ಮುಖವನ್ನು ಹಿಡಿದುಕೊಂಡು ಆ ವ್ಯಕ್ತಿಯ ಫೋಟೊಗಳನ್ನೇ ಸುರಿಯುತ್ತದೆ. ತಿದ್ದಿದ ಚಿತ್ರದಲ್ಲಿ ಹೊರಗಿನಿಂದ ತಂದು ಅಂಟಿಸಿದ್ದು ಬಹಳ ಸಲ ಮುಖವೇ. ಅಂದರೆ ಯಾವ ಭಾಗ ಸುಳ್ಳೋ ಅದನ್ನೇ ಮುಂದಿಟ್ಟುಕೊಂಡು ನೀವು ಹುಡುಕುತ್ತಿದ್ದೀರಿ. ಮುಖ ಬಿಟ್ಟು ಉಳಿದದ್ದನ್ನು ಹುಡುಕಿ. ಕತ್ತಿನಿಂದ ಕೆಳಗಿನ ಉಡುಪು, ಕೈಗಳು, ಹಿಂದಿನ ಗೋಡೆ, ವೇದಿಕೆಯ ಹೂವು, ಪಕ್ಕದಲ್ಲಿ ನಿಂತವರು, ಇವನ್ನು ಒಂದೊಂದಾಗಿ ಕ್ರಾಪ್ ಮಾಡಿ ಕೊಡಬೇಕು. ಮೇಲೆ ಕೆಳಗೆ ಬರೆದ ಕನ್ನಡದ ಪಟ್ಟಿ, ಇಮೋಜಿ, ಬಣ್ಣದ ಚೌಕಟ್ಟು ಮೊದಲೇ ಹೋಗಬೇಕು. ಲೆನ್ಸ್‌ನಲ್ಲಿ ಹುಡುಕಾಟದ ಚೌಕದ ಮೂಲೆ ಎಳೆದರೂ ಸಾಕು, ಬೇರೆ ಆ್ಯಪ್ ಬೇಕಿಲ್ಲ. ಫಲಿತಾಂಶದಲ್ಲಿ ಹೋಲುವ ಚಿತ್ರಗಳನ್ನು ಬಿಟ್ಟು, ಪೂರ್ತಿ ಹೊಂದುವ ಚಿತ್ರಗಳ ಟ್ಯಾಬ್ ಒತ್ತಿ.

ಆಗಲೂ ಸಿಗದಿದ್ದರೆ ಚಿತ್ರವನ್ನು ಎಡ ಬಲ ತಿರುಗಿಸಿ ಮತ್ತೆ ಹುಡುಕಿ. ಸಿಕ್ಕಿಬೀಳಬಾರದೆಂದು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಡುವುದು ಹಳೆಯ ಉಪಾಯ. ಅಂಗಿಯ ಗುಂಡಿಪಟ್ಟಿ ತಪ್ಪು ಬದಿಯಲ್ಲಿದ್ದರೆ, ಜೇಬು ಬಲಕ್ಕೆ ಬಂದಿದ್ದರೆ, ಹಿಂದಿನ ಫಲಕದ ಅಕ್ಷರ ಉಲ್ಟಾ ಇದ್ದರೆ ಇದೇ ಆಗಿರುತ್ತದೆ.

ಒಂದೇ ಹುಡುಕು ಯಂತ್ರಕ್ಕೆ ಅಂಟಿಕೊಳ್ಳಬೇಡಿ. ಯಾಂಡೆಕ್ಸ್ ಮುಖ ಮತ್ತು ಕಟ್ಟಡ ಹುಡುಕುವುದರಲ್ಲಿ ಗಟ್ಟಿ. ಟಿನ್‌ಐ ಸೈಟಿನ ಸಂಗ್ರಹ ಚಿಕ್ಕದು, ಆದರೆ ಫಲಿತಾಂಶವನ್ನು ಅತ್ಯಂತ ಹಳೆಯದು, ಅತ್ಯಂತ ದೊಡ್ಡದು, ಅತ್ಯಂತ ಹೆಚ್ಚು ಬದಲಾದದ್ದು ಎಂದು ಜೋಡಿಸಿ ಕೊಡುತ್ತದೆ. ನಿಮ್ಮ ಚಿತ್ರವನ್ನೂ ಸಿಕ್ಕ ಚಿತ್ರವನ್ನೂ ಒಂದರ ಮೇಲೊಂದು ಬದಲಾಯಿಸಿ ತೋರಿಸುವ ಸೌಲಭ್ಯವೂ ಇದೆ; ಎಲ್ಲಿ ತಿದ್ದಿದ್ದಾರೋ ಅಲ್ಲಿ ಕಣ್ಣಿಗೆ ಹೊಡೆಯುತ್ತದೆ. ಒಂದು ಎಚ್ಚರ: ಟಿನ್‌ಐ ತೋರಿಸುವ ತಾರೀಖು ಅದರ ಯಂತ್ರ ಆ ಪುಟವನ್ನು ಕಂಡ ದಿನ. ಚಿತ್ರ ಮೊದಲು ಪ್ರಕಟವಾದ ದಿನವೆಂದು ಅದನ್ನು ಬರೆದುಬಿಡಬಾರದು.

ಕಂಪ್ಯೂಟರ್ ಇದ್ದರೆ ಕ್ರೋಮ್‌ಗೆ ಇನ್‌ವಿಡ್ ಎಂಬ ಉಚಿತ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. ಒಂದೇ ಚಿತ್ರವನ್ನು ಈ ಎಲ್ಲ ಹುಡುಕು ಯಂತ್ರಗಳಿಗೂ ಅದು ಕಳಿಸುತ್ತದೆ, ಭೂತಗನ್ನಡಿಯೂ ಇದೆ.

ಯಂತ್ರ ಕೈಬಿಟ್ಟಾಗ ಮಾತಿನಲ್ಲಿ ಹುಡುಕಬೇಕು. ಚಿತ್ರದಲ್ಲಿ ಕಾಣುವುದನ್ನು ಇಂಗ್ಲಿಷಿನಲ್ಲಿ ಸರಳವಾಗಿ ಟೈಪ್ ಮಾಡಿ: ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವ ವರ್ಷ. ಸುದ್ದಿಸಂಸ್ಥೆಗಳ ಫೋಟೊ ಭಂಡಾರಗಳಲ್ಲಿ (ಪಿಟಿಐ, ಎಪಿ, ರಾಯಿಟರ್ಸ್, ಗೆಟ್ಟಿ, ಸರ್ಕಾರಿ ಕಾರ್ಯಕ್ರಮವಾದರೆ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ) ಪ್ರತಿ ಫೋಟೊದ ಕೆಳಗೆ ದಿನ, ಊರು, ಸಂದರ್ಭ ಇರುತ್ತದೆ. ನಮಗೆ ಬೇಕಾದ ಪುರಾವೆ ಆ ಅಡಿಬರಹವೇ. ಸಂಘದಲ್ಲಿದ್ದ ಕಾಲದಲ್ಲಿ ನರೇಂದ್ರ ಮೋದಿ ನೆಲ ಗುಡಿಸುತ್ತಿದ್ದರು ಎಂದು ಹರಿದಾಡಿದ ಕಪ್ಪು ಬಿಳುಪು ಚಿತ್ರದ ಹಣೆಬರಹ ತಿಳಿದದ್ದು ಹೀಗೆ. ಮೂಲವು ಎಪಿ ಸಂಸ್ಥೆಯ ಮ್ಯಾಕ್ಸ್ ಡೆಸ್ಫರ್ 1946ರಲ್ಲಿ ತೆಗೆದ, ಗುಡಿಸುವವನೊಬ್ಬನ ಫೋಟೊ. ಮೋದಿ ಹುಟ್ಟಿದ್ದು 1950ರಲ್ಲಿ. ಅಂಚು ಎಷ್ಟು ಮಸುಕಾಗಿದೆ, ನೆರಳು ಎತ್ತ ಬಿದ್ದಿದೆ ಎಂಬ ವಾದವೇ ಇಲ್ಲಿ ಬೇಕಾಗಲಿಲ್ಲ.

ನಾನು ಒತ್ತಿ ಹೇಳುವುದು ಇದನ್ನೇ: ತಿದ್ದಿದ್ದಕ್ಕೆ ಸಾಕ್ಷಿ ಮೂಲ ಚಿತ್ರ, ಉಳಿದದ್ದೆಲ್ಲ ಗುಮಾನಿ. ‘ಕತ್ತಿನ ಹತ್ತಿರ ಏನೋ ಸರಿಯಿಲ್ಲ’ ಎಂಬುದನ್ನು ಹಿಡಿದು ಯಾರನ್ನೂ ಒಪ್ಪಿಸಲಾಗುವುದಿಲ್ಲ, ಒಪ್ಪಿಸಲೂ ಬಾರದು.

ಮೂಲ ಎನಿಸಿದ್ದು ಸಿಕ್ಕಿತು ಅಂದುಕೊಳ್ಳಿ. ಎರಡನ್ನೂ ಅಕ್ಕಪಕ್ಕ ಇಟ್ಟು ದೊಡ್ಡದು ಮಾಡಿ. ಬಟ್ಟೆಯ ಮಡಿಕೆಗಳಿಂದ ಶುರುಮಾಡುವುದು ಒಳ್ಳೆಯದು. ಕುರ್ತಾದ ತೋಳಿನ ಸುಕ್ಕು, ಸೆರಗಿನ ನೆರಿಗೆ, ಶಲ್ಯ ಭುಜದಿಂದ ಇಳಿದ ರೀತಿ ಎರಡರಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದರೆ ಅವು ಒಂದೇ ಕ್ಷಣದ ಫೋಟೊಗಳು. ಒಂದೇ ಬಟ್ಟೆ ಎರಡು ದಿನ ಉಟ್ಟರೂ ಅದೇ ಸುಕ್ಕು ಅದೇ ಜಾಗದಲ್ಲಿ ಬೀಳುವುದಿಲ್ಲ. ಆಮೇಲೆ ಬೆರಳುಗಳ ಮಡಿಕೆ, ಹಿಂದಿನವರ ಕಣ್ಣಿನ ದಿಕ್ಕು, ಮೇಜಿನ ಮೇಲಿನ ನೀರಿನ ಬಾಟಲಿ. 2019ರ ಅಕ್ಟೋಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ತಾವೇ ಹಂಚಿಕೊಂಡ, ಸೇನೆಯ ನಾಯಿಯ ಕೊರಳಿಗೆ ಪದಕ ಹಾಕುವ ಚಿತ್ರ ಈ ಹೋಲಿಕೆಗೆ ಒಳ್ಳೆಯ ಪಾಠ. 2017ರಲ್ಲಿ ವಿಯೆಟ್ನಾಂ ಯುದ್ಧದ ಯೋಧ ಜೇಮ್ಸ್ ಮೆಕ್ಲೋಹನ್ ಅವರಿಗೆ ಪದಕ ಕೊಟ್ಟ ಫೋಟೊದಲ್ಲಿ ಟ್ರಂಪ್ ನಿಂತ ಭಂಗಿ ಹಾಗೆಯೇ ಇದೆ, ಯೋಧರ ಜಾಗದಲ್ಲಿ ಮಾತ್ರ ನಾಯಿ.

ಎರಡು ಸಿಕ್ಕಾಗ ಯಾವುದು ಮೂಲ, ಯಾವುದು ತಿದ್ದಿದ್ದು? ಇಲ್ಲಿ ಎಡವುವವರು ಹೆಚ್ಚು. ಹೆಚ್ಚು ಹಿನ್ನೆಲೆ ಕಾಣುವ, ಹೆಚ್ಚು ಪಿಕ್ಸೆಲ್ ಇರುವ ಪ್ರತಿಯೇ ಮೂಲ ಎಂದು ಈ ಹಿಂದೆ ಧೈರ್ಯವಾಗಿ ಹೇಳಬಹುದಿತ್ತು. ಈಗ ಎಐ ಉಪಕರಣಗಳು ಚಿತ್ರದ ಅಂಚಿನಾಚೆಗೂ ಹಿನ್ನೆಲೆ ಬೆಳೆಸಿಕೊಡುತ್ತವೆ, ಚಿಕ್ಕದನ್ನು ದೊಡ್ಡದಾಗಿಸುತ್ತವೆ. ಹಾಗಾಗಿ ಪಕ್ಕದ ಸಾಕ್ಷಿ ಬೇಕು. ದೊಡ್ಡ ನಾಯಕರ ಕಾರ್ಯಕ್ರಮದಲ್ಲಿ ಫೋಟೊಗ್ರಾಫರ್ ಒಬ್ಬರೇ ಇರುವುದಿಲ್ಲ, ಇದ್ದವರೂ ಒಂದೇ ಸಲ ಗುಂಡಿ ಒತ್ತುವುದಿಲ್ಲ. ಅದೇ ಕ್ಷಣದ ಇನ್ನೊಂದು ಕೋನದ ಫೋಟೊ, ಒಂದು ಸೆಕೆಂಡ್ ಹಿಂದಿನ ಫ್ರೇಮ್, ಯೂಟ್ಯೂಬ್‌ನಲ್ಲಿರುವ ಪೂರ್ತಿ ಭಾಷಣದ ವಿಡಿಯೊ, ಇವುಗಳಲ್ಲಿ ಒಂದು ಸಿಕ್ಕರೂ ಪ್ರಶ್ನೆ ಬಗೆಹರಿಯಿತು.

ಸರ್ಕಾರಿ ಮೊಹರು ಇದೆ ಎಂದು ಈ ಹೋಲಿಕೆಯನ್ನು ಬಿಡಬೇಡಿ. 2015ರ ಡಿಸೆಂಬರ್‌ನ ಚೆನ್ನೈ ಪ್ರವಾಹದ ಹೊತ್ತಿನಲ್ಲಿ, ಪ್ರಧಾನಿ ವೈಮಾನಿಕ ಸಮೀಕ್ಷೆ ಮಾಡಿದ ಚಿತ್ರವನ್ನು ಪಿಐಬಿಯೇ ಕಿಟಕಿಯೊಳಗೆ ಬೇರೆ ದೃಶ್ಯ ಅಂಟಿಸಿ ಟ್ವೀಟ್ ಮಾಡಿ, ಆಮೇಲೆ ಅಳಿಸಿತು. ಮರುಗಳಿಗೆಯಿಂದಲೇ ಜನ ಅದೇ ಕಿಟಕಿಯಲ್ಲಿ ತಮಗೆ ತೋಚಿದ್ದನ್ನೆಲ್ಲ ಕೂರಿಸಿ ಹರಿಬಿಟ್ಟರು. ಆ ಸರಣಿಯಲ್ಲಿ ಅಧಿಕೃತವಾಗಿ ಬಂದದ್ದು ಯಾವುದು, ಅಣಕ ಯಾವುದು ಎಂದು ಬಿಡಿಸುವುದೇ ಒಂದು ಕೆಲಸವಾಯಿತು.

ತಿದ್ದದೆಯೂ ಸುಳ್ಳಾಗುವ ಚಿತ್ರಗಳಿವೆ ಎಂಬುದನ್ನು ಇಲ್ಲೇ ಹೇಳಬೇಕು. ನೆಹರೂಗೆ ಸಾಧುವೊಬ್ಬರು ಕಪಾಳಕ್ಕೆ ಹೊಡೆದ ಮೇಲೆ ತೆಗೆದದ್ದು ಎಂದು ಬರುವ ಫೋಟೊ ಅಪ್ಪಟ ಅಸಲಿ. 1962ರ ಜನವರಿಯಲ್ಲಿ ಪಟ್ನಾದ ಕಾಂಗ್ರೆಸ್ ಸಭೆಯಲ್ಲಿ ಗದ್ದಲದ ಗುಂಪಿನೊಳಗೆ ನುಗ್ಗಲು ಹೊರಟ ಅವರನ್ನು ಜತೆಯವರು ಹಿಡಿದೆಳೆದ ಕ್ಷಣ ಅದು. ಎಪಿಯ ಅಡಿಬರಹ ಹಾಗೆಯೇ ಹೇಳುತ್ತದೆ. ಇಂಥದ್ದನ್ನು ಯಾವ ಎಡಿಟಿಂಗ್ ಪತ್ತೆಯ ಉಪಕರಣಕ್ಕೆ ಕೊಟ್ಟರೂ ‘ಸರಿಯಾಗಿದೆ’ ಎಂದೇ ಬರಬೇಕು.

ಈಗ ನಿಮ್ಮ ಶೇ 62ಕ್ಕೆ ಬರೋಣ. ಅದನ್ನು ಪಕ್ಕಕ್ಕಿಡಿ. ಚಿತ್ರವನ್ನು ವಾಟ್ಸ್‌ಆ್ಯಪ್ ಮಾಮೂಲಿ ಗುಣಮಟ್ಟದಲ್ಲಿ ಕಳಿಸುವಾಗ ಉದ್ದನೆಯ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ, ಮತ್ತೆ ಜೆಪೆಗ್ ಮಾಡಿ ಹಿಂಡುತ್ತದೆ. ಕ್ಯಾಮೆರಾದ ಹೆಸರು, ತಾರೀಖು, ಜಿಪಿಎಸ್ ಮಾಹಿತಿ ಎಲ್ಲವನ್ನೂ ಕಿತ್ತುಹಾಕುತ್ತದೆ. ಪತ್ತೆ ಯಂತ್ರ ಹುಡುಕುವ ಸೂಕ್ಷ್ಮ ಗುರುತುಗಳು ಅಲ್ಲೇ ಅಳಿಸಿಹೋಗಿರುತ್ತವೆ. ಸ್ಕ್ರೀನ್‌ಶಾಟ್‌ನ ಸ್ಕ್ರೀನ್‌ಶಾಟ್ ಆಗಿದ್ದರಂತೂ ಮುಗಿಯಿತು. ಬ್ಯೂಟಿ ಫಿಲ್ಟರ್ ಹಾಕಿದ ಅಸಲಿ ಫೋಟೊವನ್ನು ಎಐ ಎನ್ನುವುದು, ಚೆನ್ನಾಗಿ ಮಸುಕು ಮಾಡಿದ ಎಐ ಚಿತ್ರವನ್ನು ಅಸಲಿ ಎನ್ನುವುದು ಎರಡೂ ನಡೆಯುತ್ತವೆ. 90 ದಾಟಿದ ಅಂಕಿ ಬಂದರೂ ಅದು ಮುಂದೆ ಹುಡುಕಲು ಸುಳಿವು ಮಾತ್ರ.

ಇಎಲ್‌ಎ (ಎರರ್ ಲೆವೆಲ್ ಅನಾಲಿಸಿಸ್) ಎಂಬ ಇನ್ನೊಂದು ವಿಧಾನದ ಬಗ್ಗೆಯೂ ಕೇಳಿರಬಹುದು. ಚಿತ್ರವನ್ನು ಗೊತ್ತಾದ ಮಟ್ಟದಲ್ಲಿ ಮತ್ತೊಮ್ಮೆ ಹಿಂಡಿ, ಯಾವ ಭಾಗ ಎಷ್ಟು ಬದಲಾಯಿತೆಂದು ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಚುಕ್ಕಿಗಳಾಗಿ ತೋರಿಸುತ್ತದೆ. ತಿದ್ದಿದ ಭಾಗ ಹೊಳೆಯುತ್ತದೆ ಎಂಬುದು ಜನಪ್ರಿಯ ನಂಬಿಕೆ. ಆದರೆ ಕಡುಬಣ್ಣದ ಅಂಚು, ಅಕ್ಷರಗಳು, ಬಿಳಿ ಅಂಗಿಯ ಮೇಲಿನ ಕಪ್ಪು ಗುಂಡಿ ಯಾವ ತಿದ್ದುಪಡಿ ಇಲ್ಲದೆಯೂ ಹೊಳೆಯುತ್ತವೆ. ಇಡೀ ಚಿತ್ರ ನಾಲ್ಕಾರು ಸಲ ಹಿಂಡಿಸಿಕೊಂಡಿದ್ದರೆ ತಿದ್ದಿದ ಜಾಗವೂ ಉಳಿದದ್ದರ ಜತೆ ಒಂದಾಗಿಬಿಡುತ್ತದೆ. ಇಎಲ್‌ಎ ಚಿತ್ರ ಹಾಕಿ ‘ನೋಡಿ, ಇಲ್ಲಿ ಬೆಳ್ಳಗಿದೆ’ ಎಂದು ತೀರ್ಪು ಕೊಟ್ಟ ಬರಹ ಕಂಡರೆ ಬರೆದವರ ಮೇಲೇ ಅನುಮಾನಪಡಿ.

ಪೂರ್ತಿಯಾಗಿ ಎಐ ಹುಟ್ಟಿಸಿದ ಚಿತ್ರಕ್ಕೆ ಮೂಲವೇ ಇರುವುದಿಲ್ಲ. 2023ರ ಮಾರ್ಚ್‌ನಲ್ಲಿ ಟ್ರಂಪ್ ಅವರನ್ನು ಪೊಲೀಸರು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಚಿತ್ರಗಳು ಬಂದವು. ಮಾಡಿದವರು ಬೆಲಿಂಗ್‌ಕ್ಯಾಟ್ ಎಂಬ ತನಿಖಾ ಪತ್ರಿಕೋದ್ಯಮ ತಂಡದ ಸ್ಥಾಪಕ ಎಲಿಯಟ್ ಹಿಗಿನ್ಸ್. ತಾವೇ ಮಾಡಿದ್ದೆಂದು ಬರೆದೇ ಹಾಕಿದ್ದರು, ಆ ಬರಹ ಬಿಟ್ಟು ಚಿತ್ರಗಳಷ್ಟೇ ಊರೂರು ಸುತ್ತಿದವು. ಇಂಥ ಕಡೆ ಹುಡುಕಬೇಕಾದದ್ದು ಮೊದಲ ಪೋಸ್ಟನ್ನು. ಚಿತ್ರದ ಮೂಲೆಯಲ್ಲಿ ಖಾತೆಯ ಹೆಸರಿತ್ತೆ, ಅದನ್ನು ಮಸುಕು ಮಾಡಿದ್ದಾರೆಯೆ, ಒಂದು ಬದಿ ಅಸಹಜವಾಗಿ ಕತ್ತರಿಸಿದೆಯೆ ನೋಡಿ. ಖಾತೆ ಸಿಕ್ಕರೆ ಅದರ ಪರಿಚಯದ ಸಾಲು, ಹಿಂದಿನ ಹತ್ತಿಪ್ಪತ್ತು ಪೋಸ್ಟ್ ಓದಿ. ಎಕ್ಸ್ 2025ರಿಂದ ಅಣಕು ಖಾತೆಗಳಿಗೆ ಪ್ರತ್ಯೇಕ ಲೇಬಲ್ ಕೊಡುತ್ತಿದೆ. ಫೇಸ್‌ಬುಕ್ ಪುಟವಾದರೆ ಅದರ ಪಾರದರ್ಶಕತೆ ವಿಭಾಗದಲ್ಲಿ ಹಿಂದೆ ಯಾವ ಹೆಸರಿತ್ತು ಎಂಬುದೂ ಕಾಣುತ್ತದೆ. ‘ನಗೆಹನಿ’ ಎಂಬ ಪುಟ ಚುನಾವಣೆ ಹತ್ತಿರ ಬಂದಾಗ ಸುದ್ದಿಪುಟದ ಹೆಸರು ಹೊತ್ತಿದ್ದರೆ ಅರ್ಥವಾಗುತ್ತದಲ್ಲ.

ಗೂಗಲ್‌ನ ಎಐ ತನ್ನ ಚಿತ್ರಗಳಲ್ಲಿ ಸಿಂಥ್‌ಐಡಿ ಎಂಬ ಕಣ್ಣಿಗೆ ಕಾಣದ ಗುರುತು ಇಡುತ್ತದೆ. ಜೆಮಿನಿ ಆ್ಯಪ್‌ಗೆ ಚಿತ್ರ ಕೊಟ್ಟು ಕೇಳಿದರೆ ಗುರುತಿದೆಯೇ ಎಂದು ಹೇಳುತ್ತದೆ. ಇದರಲ್ಲಿ ಎಡವಿ ಬೀಳುವ ಹಳ್ಳಗಳು ಎರಡಿವೆ. ಗುರುತು ಸಿಗಲಿಲ್ಲ ಎಂದರೆ ಎಐ ಚಿತ್ರವೇ ಅಲ್ಲ ಎಂದಲ್ಲ, ಬೇರೆ ಕಂಪನಿಯ ಎಐ ಮಾಡಿರಬಹುದು. ಗುರುತು ಇದೆ ಎಂದ ಮಾತ್ರಕ್ಕೆ ಘಟನೆಯೇ ಸುಳ್ಳೆನ್ನಲೂ ಆಗದು. ಮಸುಕಾದ ಅಸಲಿ ಫೋಟೊವನ್ನು ಯಾರೋ ಜೆಮಿನಿಯಲ್ಲಿ ಹೊಳಪು ಮಾಡಿದ್ದರೂ ಆ ಗುರುತು ಕೂರುತ್ತದೆ. ಎರಡನೆಯದರಲ್ಲಿ ಬೀಳುವವರೇ ಹೆಚ್ಚು.

ಎಐ ಚಿತ್ರವೆಂದು ಹಿಡಿಯಲು ಕೈಯ ಬೆರಳು ಎಣಿಸುವ ಕಾಲ ಮುಗಿಯಿತು. ಕನ್ನಡ ಅಕ್ಷರ ನೋಡುವ ಕಾಲ ಇನ್ನೂ ಸ್ವಲ್ಪ ಉಳಿದಿದೆ: ಹಿಂದಿನ ಬ್ಯಾನರ್, ಅಂಗಡಿ ಫಲಕ, ಬಸ್ಸಿನ ಬೋರ್ಡುಗಳಲ್ಲಿ ಕನ್ನಡವೂ ಅಲ್ಲದ ತೆಲುಗೂ ಅಲ್ಲದ ಸುರುಳಿಗಳಿದ್ದರೆ ಸಂಶಯಪಡಬಹುದು. ಅದಕ್ಕಿಂತ ಗಟ್ಟಿ ಪ್ರಶ್ನೆ ಬೇರೆ. ಮುಖ್ಯಮಂತ್ರಿ ನಿಜಕ್ಕೂ ವಿಧಾನಸೌಧದ ಮೆಟ್ಟಿಲ ಮೇಲೆ ಎಮ್ಮೆ ಏರಿದ್ದರೆ, ಅಲ್ಲೇ ಕ್ಯಾಮೆರಾ ಹಿಡಿದು ಕಾಯುವ ಚಾನೆಲ್‌ಗಳಲ್ಲಿ ಒಂದಾದರೂ ತೋರಿಸದೆ ಬಿಡುತ್ತಿತ್ತೆ?

ಕರ್ನಾಟಕದಲ್ಲಿ ಫೋಟೊಗಿಂತ ಹೆಚ್ಚು ಕಾಡುವುದು ಚಾನೆಲ್‌ನ ನಕಲಿ ಪ್ಲೇಟು (ಸುದ್ದಿಯ ಸಾಲು ಬರೆದ ಚಿತ್ರಫಲಕ) ಮತ್ತು ಪೇಪರ್ ಕಟಿಂಗು. ನಾಯಕರ ಫೋಟೊ ಅಸಲಿ, ಪಕ್ಕದಲ್ಲಿ ಅವರು ಹೇಳದ ಮಾತು, ಮೂಲೆಯಲ್ಲಿ ಚಾನೆಲ್ ಲೋಗೊ. ಇದನ್ನು ಹಿಡಿಯಲು ಆ ಚಾನೆಲ್ ಅದೇ ವಾರ ಹಾಕಿದ ಅಸಲಿ ಪ್ಲೇಟನ್ನು ಅದರ ಫೇಸ್‌ಬುಕ್ ಪುಟದಿಂದ ತೆಗೆದು ಪಕ್ಕದಲ್ಲಿಡಿ. ಪ್ರತಿ ಚಾನೆಲ್‌ಗೂ ತನ್ನದೇ ದಪ್ಪ ಫಾಂಟ್, ಪಟ್ಟಿಯ ಬಣ್ಣ, ಲೋಗೊ ನಿಲ್ಲುವ ಮೂಲೆ ಇರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಮಾಡಿದ ನಕಲಿಯಲ್ಲಿ ಸಾಮಾನ್ಯವಾಗಿ ಫೋನಿನಲ್ಲೇ ಇರುವ ತೆಳ್ಳನೆಯ ಕನ್ನಡ ಅಕ್ಷರ ಬರುತ್ತದೆ. ಕನ್ನಡ ಒತ್ತಕ್ಷರ ಕೂಡಿಸಲು ಬಾರದ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದರೆ ‘ಮುಖ್ಯಮಂತ್ರಿ’ ಎಂಬುದು ‘ಮುಖ್‌ಯಮಂತ್‌ರಿ’ ಎಂದು ಬಿಚ್ಚಿಕೊಂಡಿರುತ್ತದೆ. ಚಾನೆಲ್‌ನವರು ಕಾಗುಣಿತ ತಪ್ಪುವುದುಂಟು, ಒತ್ತಕ್ಷರ ಹೀಗೆ ಬಿಚ್ಚಿಕೊಂಡದ್ದನ್ನು ಮಾತ್ರ ಹಾಗೇ ಬಿಡುವುದಿಲ್ಲ.

ಪೇಪರ್ ಕಟಿಂಗ್ ಆದರೆ ಆ ದಿನದ ಇ-ಪೇಪರ್ ತೆಗೆಯಿರಿ. ಬೆಂಗಳೂರು ಆವೃತ್ತಿಯಲ್ಲಿ ಇಲ್ಲವೆಂದು ತೀರ್ಮಾನಿಸಬೇಡಿ, ಜಿಲ್ಲಾ ಆವೃತ್ತಿಗಳ ಒಳಪುಟ ಬೇರೆ ಇರುತ್ತದೆ; ಅವನ್ನೂ ನೋಡಬೇಕು. ತಾರೀಖನ್ನೇ ಕತ್ತರಿಸಿ ಕಳಿಸಿದ್ದರೆ ಅದೇ ಒಂದು ಸುಳಿವು. ಇಂಗ್ಲಿಷ್ ಕಟಿಂಗ್ ತಯಾರಿಸಿಕೊಡುವ ಸೈಟುಗಳಿವೆ. ಅವುಗಳಲ್ಲಿ ಪಕ್ಕದ ಕಾಲಂನ ಅರೆಬರೆ ಸಾಲುಗಳು ಪ್ರತಿ ಸಲವೂ ಅವೇ, ಆ ಸಾಲನ್ನು ಗೂಗಲ್‌ನಲ್ಲಿ ಹುಡುಕಿದರೆ ಅದೇ ಅಚ್ಚಿನ ಬೇರೆ ಕಟಿಂಗ್‌ಗಳು ಎದ್ದು ಬರುತ್ತವೆ.

ಕಂಡುಕೊಂಡದ್ದನ್ನು ಗ್ರೂಪಿನಲ್ಲಿ ಹೇಳುವ ರೀತಿಗೂ ಒಂದು ಕ್ರಮವಿದೆ. ಎಡಕ್ಕೆ ಬಂದ ಚಿತ್ರ, ಬಲಕ್ಕೆ ಮೂಲ, ಎರಡನ್ನೂ ಒಂದೇ ಚಿತ್ರವಾಗಿ ಜೋಡಿಸಿ, ತಿದ್ದಿದ್ದರ ಮೇಲೆ ಅಡ್ಡಡ್ಡ ಕೆಂಪು ಅಕ್ಷರದಲ್ಲಿ ‘ತಿದ್ದಿದ್ದು’ ಎಂದು ಬರೆಯಿರಿ. ಮೂಲೆಯಲ್ಲಿ ಚಿಕ್ಕದಾಗಿ ಬರೆದರೆ ಯಾರೋ ಕ್ರಾಪ್ ಮಾಡಿ ಮತ್ತೆ ಬಿಡುತ್ತಾರೆ. ಕೆಳಗೆ ಎರಡು ಸಾಲು ಸಾಕು: ‘ಚಿಕ್ಕಪ್ಪಾ, ಇದು 2011ರಲ್ಲಿ ಬಾಲಿಯಲ್ಲಿ ತೆಗೆದ ಫೋಟೊ. ಕೈಕುಲುಕುತ್ತಿರುವುದು ಮನಮೋಹನ್ ಸಿಂಗ್, ಮುಖ ಬದಲಾಯಿಸಿದ್ದಾರೆ.’ ‘ಫೇಕ್ ನ್ಯೂಸ್ ಹರಡಬೇಡಿ’ ಎಂಬ ಮೂರನೆಯ ಸಾಲು ಬರೆದಿರೋ, ಚರ್ಚೆ ಫೋಟೊ ಬಿಟ್ಟು ನಿಮ್ಮ ಮಾತಿನ ಧಾಟಿಗೆ ಹೊರಳುತ್ತದೆ. ತಮಾಷೆ ಚಿತ್ರವೇ ಆಗಿದ್ದರೆ ‘ಸುಳ್ಳು’ ಎನ್ನದೆ, ಇಂಥ ಪುಟದವರು ನಗಿಸಲು ಮಾಡಿದ್ದು ಎಂದು ಹೇಳಿ. ವೃತ್ತಿಪರ ಫ್ಯಾಕ್ಟ್‌ಚೆಕ್‌ನಲ್ಲೂ ‘ತಿದ್ದಿದ್ದು’ ಮತ್ತು ‘ವಿಡಂಬನೆ’ ಎರಡು ಬೇರೆ ಬೇರೆ ತೀರ್ಪುಗಳು. ನಿಮ್ಮಿಂದ ಆಗದಿದ್ದರೆ ಕನ್ನಡದಲ್ಲೂ ಬರೆಯುವ ನ್ಯೂಸ್‌ಚೆಕರ್‌ನಂಥ ಸಂಸ್ಥೆಗಳಿಗೆ ಕಳಿಸಬಹುದು. ಪಿಐಬಿ ಫ್ಯಾಕ್ಟ್‌ಚೆಕ್ ನೋಡುವುದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ್ದನ್ನು ಮಾತ್ರ, ನಮ್ಮ ಶಾಸಕರ ಚಿತ್ರ ಅಲ್ಲಿಗೆ ಕಳಿಸಿ ಪ್ರಯೋಜನವಿಲ್ಲ.

ಕೊನೆಯದಾಗಿ ಕೇಸಿನ ಮಾತು. ಜಾಧವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ 2012ರ ಏಪ್ರಿಲ್‌ನಲ್ಲಿ ಮಮತಾ ಬ್ಯಾನರ್ಜಿ ಕುರಿತ ವ್ಯಂಗ್ಯಚಿತ್ರವನ್ನು ಇಮೇಲ್‌ನಲ್ಲಿ ಫಾರ್ವರ್ಡ್ ಮಾಡಿ ಬಂಧನಕ್ಕೊಳಗಾದರು. ಅವರ ಮೇಲೆ ಹೂಡಿದ್ದ, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಮಾಡಿತು, ಆದರೂ ಅವರಿಗೆ ಪ್ರಕರಣದಿಂದ ಬಿಡುಗಡೆ ಸಿಕ್ಕಿದ್ದು 2023ರಲ್ಲಿ. 2019ರ ಮೇನಲ್ಲಿ, ನಟಿ ಪ್ರಿಯಾಂಕಾ ಚೋಪ್ರಾ ಮೆಟ್ ಗಾಲಾ ಎಂಬ ಫ್ಯಾಷನ್ ಸಮಾರಂಭದಲ್ಲಿ ತೆಗೆಸಿಕೊಂಡ ಫೋಟೊಕ್ಕೆ ಮಮತಾ ಮುಖ ಅಂಟಿಸಿದ ಚಿತ್ರವನ್ನು ಹಂಚಿಕೊಂಡ ಬಿಜೆಪಿ ಯುವ ಘಟಕದ ಕಾರ್ಯಕರ್ತೆಯನ್ನು ಬಂಗಾಳದ ಪೊಲೀಸರು ಬಂಧಿಸಿದರು. ಸುಪ್ರೀಂ ಕೋರ್ಟ್ ಮೇ 14ರಂದು ಜಾಮೀನು ಕೊಟ್ಟಿತು, ಬಿಡುಗಡೆಯ ಹೊತ್ತಿಗೆ ಕ್ಷಮೆ ಕೇಳಬೇಕೆಂದೂ ಹೇಳಿತು. ಅಂದರೆ 66ಎ ಇಲ್ಲವಾದರೂ ಪೊಲೀಸರ ಕೈ ಕಟ್ಟಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356 (ಮಾನಹಾನಿ), 353 (ಸಾರ್ವಜನಿಕ ಶಾಂತಿ ಕದಡುವ ಸುಳ್ಳು ಹೇಳಿಕೆ), ಚುನಾವಣೆ ಸಮಯವಾದರೆ 175, ಅಶ್ಲೀಲವಾದರೆ ಐಟಿ ಕಾಯ್ದೆಯ 67 ಇವೆ. ಬರೀ ನಗೆಚಿತ್ರಕ್ಕೆ ಶಿಕ್ಷೆಯಾಗುವುದು ಕಷ್ಟ, ಠಾಣೆ ಅಲೆದಾಟವಂತೂ ಸುಲಭವಾಗಿ ಆಗಬಹುದು. ಗ್ರೂಪಿಗೆ ನೀವು ಅಡ್ಮಿನ್ ಆಗಿದ್ದರೆ, ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಮಹಿಳಾ ನಾಯಕಿಯರ ಮುಖ ಅಂಟಿಸಿದ ಅಸಭ್ಯ ಚಿತ್ರ, ಎರಡು ಧರ್ಮದವರ ನಡುವೆ ಬೆಂಕಿ ಹಚ್ಚುವ ಚಿತ್ರ ಬಂದರೆ ಮಾತ್ರ ‘ಇದು ಸುಳ್ಳು’ ಎಂದು ತೋರಿಸಲಿಕ್ಕೂ ಮತ್ತೆ ಹಂಚಬೇಡಿ. ಲಿಂಕ್ ಮತ್ತು ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆ ವೇದಿಕೆಯಲ್ಲೇ ರಿಪೋರ್ಟ್ ಮಾಡಿ, ದೂರು ಕೊಡುವುದಿದ್ದರೆ ಸೈಬರ್ ಠಾಣೆಗೆ ಅದೇ ಪುರಾವೆ ಒಯ್ಯಿರಿ.